ಸಣ್ಣಕ್ಕ ಹೇಳದ ಏಳನೆಯ ಪ್ಯಾರಾ

ಕಾನೂನು ಇಲಾಖೆಯ ಕಾರ್ಯದರ್ಶಿಯವರಿಗೆ,

ಮಾನ್ಯರೇ, ಸಾಕ್ಷಿಯ ಬಾಯಲ್ಲಿದ್ದ ಮಾತನ್ನು ಕಾಗದಕ್ಕೆ ವರ್ಗಾಯಿಸಿದ್ದೀರಿ. ಆ ಕಾಗದವನ್ನು ಸಾಕ್ಷಿಗೆ ಯಾರಾದರೂ ಓದಿ ಹೇಳಿದರೇ ಎಂದು ನೋಡುವವರನ್ನು ಮಾತ್ರ ಎಲ್ಲಿಯೂ ನೇಮಿಸಿಲ್ಲ. ನನ್ನ ದೂರು ಇಷ್ಟೇ. ಹಾಸನದಲ್ಲಿ ಇಪ್ಪತ್ನಾಲ್ಕು ವರ್ಷ ವಕೀಲಿಕೆ ಮಾಡಿದ ಮೇಲೆ, ಈಗ ಕಕ್ಷಿದಾರರ ಹೆಬ್ಬೆಟ್ಟಿನ ಗುರುತು ಕಂಡರೆ ನನಗೆ ಭಯವಾಗುತ್ತದೆ. ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

2002ರ ಜುಲೈಗೆ ಮೊದಲು ಸಿವಿಲ್ ದಾವೆಯಲ್ಲಿ ಸಾಕ್ಷಿ ಕಟಕಟೆಗೆ ಬಂದು ತನ್ನ ಕಥೆಯನ್ನು ತಾನೇ ಹೇಳುತ್ತಿದ್ದ. ಬದುವಿನ ವಿಷಯ ಕೇಳಿದರೆ ಭಾವಮೈದುನನ ಮದುವೆಯಿಂದ ಶುರು ಮಾಡುತ್ತಿದ್ದ. ನ್ಯಾಯಾಧೀಶರು ಬೇಸರಪಡುತ್ತಿದ್ದರು, ನಾವು ಗಡಿಯಾರ ನೋಡುತ್ತಿದ್ದೆವು, ದಾವೆಗಳು ವರ್ಷಗಟ್ಟಲೆ ಕೊಳೆಯುತ್ತಿದ್ದವು. ತಿದ್ದುಪಡಿ ಬಂತು. ಈಗ ಮುಖ್ಯ ವಿಚಾರಣೆ ಅಫಿಡವಿಟ್ಟಿನಲ್ಲಿ ಮುಗಿಯುತ್ತದೆ. ಸಾಕ್ಷಿ ಕಟಕಟೆಗೆ ಬರುವುದು ಎದುರು ವಕೀಲರ ಪಾಟಿ ಸವಾಲಿಗೆ ಮಾತ್ರ. ಸಮಯ ಉಳಿದಿದೆ, ಇಲ್ಲವೆನ್ನುವುದಿಲ್ಲ. ಆದರೆ ಉಳಿದ ಸಮಯದ ಅಂಕಿ ಅಂಶ ತಯಾರಿಸುವಾಗ, ಅಕ್ಷರ ಬಾರದ ಮನುಷ್ಯ ಲಿಖಿತ ಸಾಕ್ಷ್ಯವನ್ನು ಹೇಗೆ ನುಡಿಯುತ್ತಾನೆಂದು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಕೇಳಲಿಲ್ಲವೇ?

ದುದ್ದ ಹೋಬಳಿಯ ಸಣ್ಣಕ್ಕನವರಿಗೆ ಅರವತ್ತೆರಡು ವರ್ಷ. ಸರ್ಕಾರ ಅವರ ಗಂಡನಿಗೆ ಮಂಜೂರು ಮಾಡಿದ್ದ ಒಂದು ಎಕರೆ ಮೂವತ್ತು ಗುಂಟೆ ಬಿಟ್ಟರೆ ಬೇರೆ ಭೂಮಿಯಿಲ್ಲ. ಗಂಡ ತೀರಿಕೊಂಡ ಮೇಲೂ ಅಲ್ಲಿ ರಾಗಿ ಬೆಳೆಯುತ್ತಿರುವವರು ಅವರೇ. ಪಕ್ಕದ ಹೊಲದ ಚಲುವಯ್ಯ ವರ್ಷಕ್ಕಿಷ್ಟು ಬೇಲಿ ಸರಿಸುತ್ತ ಬಂದು, ಕೊನೆಗೆ ಇಡೀ ಜಮೀನೇ ತನ್ನ ಸ್ವಾಧೀನದಲ್ಲಿದೆ ಎಂದರು. ಸಣ್ಣಕ್ಕ ನನ್ನ ಮೂಲಕ ದಾವೆ ಹೂಡಿದರು. ಭೂಮಿ ಯಾರ ಸ್ವಾಧೀನದಲ್ಲಿದೆ ಎಂಬುದೇ ಇಡೀ ಮೊಕದ್ದಮೆ.

ಕೋರ್ಟಿನ ಎದುರು ಪ್ರೇಮಕುಮಾರಿ ಎಂಬುವವರ ಕಂಪ್ಯೂಟರ್ ಅಂಗಡಿಯಿದೆ. ನಮ್ಮಲ್ಲಿ ಅನೇಕರ ಅಫಿಡವಿಟ್ಟುಗಳು ಅವರ ಫ್ಲಾಪಿಗಳಲ್ಲಿವೆ. "ಹಳೇದೊಂದು ತೆಗೆದು ಹೆಸರು ಬದಲಾಯಿಸಿಬಿಡೋಣ ಸಾರ್, ಹತ್ತು ನಿಮಿಷದ ಕೆಲಸ" ಎಂದರು. ಹಾಗೇ ಮಾಡಿ ಎಂದವನು ನಾನು. ಚನ್ನರಾಯಪಟ್ಟಣದ ಇನ್ನೊಬ್ಬ ಕಕ್ಷಿದಾರಳ ಹಳೆಯ ಅಫಿಡವಿಟ್ಟಿನಲ್ಲಿ ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಾದವು. ಏಳನೆಯ ಪ್ಯಾರಾ ಹಾಗೆಯೇ ಉಳಿಯಿತು: "ನಾನು 1994ರಿಂದ ಚನ್ನರಾಯಪಟ್ಟಣದಲ್ಲಿ ವಾಸವಾಗಿದ್ದು, ಸದರಿ ಜಮೀನಿಗೆ ಹೋಗಿಬರುವುದು ವಿರಳ." ಅಂದು ನನಗೆ ಅರಕಲಗೂಡಿನಲ್ಲಿ ಬೇರೊಂದು ಕೇಸಿತ್ತು. ಮೊದಲ ಪುಟ, ಕೊನೆಯ ಪುಟ ನೋಡಿ ಬಸ್ಸು ಹತ್ತಿದೆ. ಸಣ್ಣಕ್ಕ ಪ್ರಮಾಣ ಮಾಡಿಸುವ ಅಧಿಕಾರಿಯ ಮುಂದೆ ಸರತಿಯಲ್ಲಿ ನಿಂತು ಹೆಬ್ಬೆಟ್ಟು ಒತ್ತಿದರು. "ಮೇಲಿನದನ್ನು ಓದಿಸಿ ಕೇಳಿ ಸರಿಯಿದೆಯೆಂದು ಒಪ್ಪಿದ್ದೇನೆ" ಎಂಬ ಸಾಲೂ ಕೆಳಗಿತ್ತು. ಅದೂ ಫ್ಲಾಪಿಯಿಂದಲೇ ಬಂದದ್ದು.

ಪಾಟಿ ಸವಾಲಿನ ದಿನ ಚಲುವಯ್ಯನ ವಕೀಲರಾದ ಮುರಳೀಕೃಷ್ಣ ಬಹಳ ಮೃದುವಾಗಿ ಶುರು ಮಾಡಿದರು.

"ಚನ್ನರಾಯಪಟ್ಟಣದಲ್ಲಿ ನಿಮ್ಮ ಮನೆ ಯಾವ ಬೀದೀಲಮ್ಮ?"

"ಅಲ್ಲಿ ನಂಗ್ಯಾವ ಮನೆ ಸಾ? ಬೆಳಗೊಳಕ್ಕೋಗುವಾಗ ಬಸ್ ಬದಲಾಯ್ಸಿದ್ದೆ, ಅಷ್ಟೆಯ."

"ಈ ಹೆಬ್ಬೆಟ್ಟು ಯಾರದು?"

"ನಂದೇಯ."

"ಹಾಗಾದ್ರೆ ಪ್ರಮಾಣ ಮಾಡಿ ಸುಳ್ಳು ಬರೆಸಿದ್ದೀರಿ?"

"ಪರಮಾಣ ಮಾಡಿದ್ದು ದಿಟ ಸಾ. ಅದ್ರಲ್ಲಿ ಏನೈತೆ ಅಂತ ನನ್ನ ಕೇಳಿದ್ರೆ?"

ಮುರಳೀಕೃಷ್ಣ ಕೊನೆಯ ಸಾಲಿಗೆ ಬೆರಳಿಟ್ಟು ಕೇಳಿದರು: "ಇದನ್ನ ನಿಮಗೆ ಓದಿ ಹೇಳಿದ್ರೋ ಇಲ್ವೋ?"

ಸಣ್ಣಕ್ಕ ನನ್ನ ಕಡೆ ನೋಡಿದರು. ಆಮೇಲೆ ಹೇಳಿದರು: "ಓದವ್ರೆ ಸಾ."

ಅದು ದಾಖಲಾಯಿತು. ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೊರಗೆ ಬಂದು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಇಲ್ಲ ಅಂದಿದ್ರೆ ನಿಮ್ಮನ್ನ ಇಡ್ಕೊಳೋರು ಕಣ್ ಸಾ. ಲಾಯರೇ ಸಿಕ್ಕಾಕ್ಕೊಂಡ್ರೆ ನನ್ ಕೇಸ್ ನೋಡೋರ್ಯಾರು?"

ಮಾನ್ಯರೇ, ತಮ್ಮ ತಿದ್ದುಪಡಿಯಲ್ಲಿ ಇದಕ್ಕೊಂದು ಕಾಲಂ ಇದೆಯೇ? ತನ್ನ ಬಾಯಿಂದ ಬಾರದ ಸುಳ್ಳಿಗೆ ಒಬ್ಬ ಹೆಂಗಸು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಬಾಯಿಂದ ಹೇಳಿದ ಒಂದೇ ಸುಳ್ಳನ್ನು ತನ್ನ ವಕೀಲನಿಗಾಗಿ ಹೇಳಿದಳು. ಎರಡನ್ನೂ ಸೇರಿಸಿದರೆ ಅವಳ ಜಮೀನು ಹೋಗುತ್ತದೆ.

ನನ್ನನ್ನು ಹೆದರಿಸುತ್ತಿರುವುದು ಇದೊಂದೇ ದಾವೆಯಲ್ಲ. ಎಲ್ಲ ಕಡತಗಳೂ ಕಂಪ್ಯೂಟರಿಗೆ ಬರುತ್ತವೆ, ವಕೀಲರು ಕೂತಲ್ಲಿಂದಲೇ ದಾವೆ ಸಲ್ಲಿಸುವ ಕಾಲ ದೂರವಿಲ್ಲ ಎಂದು ವಿಚಾರ ಸಂಕಿರಣಗಳಲ್ಲಿ ಕೇಳುತ್ತೇನೆ. ಬರಲಿ. ಆದರೆ ಹೆಸರು ತುಂಬಿದರೆ ಉಳಿದದ್ದೆಲ್ಲ ತಾನೇ ಬರೆದುಕೊಳ್ಳುವ ಯಂತ್ರವೂ ನಾಳೆ ಬರಬಹುದು. ಅಂದು ಕಕ್ಷಿದಾರರ ಮುಖ ನೋಡದೆಯೇ ವಕೀಲಿಕೆ ನಡೆದೀತು. ಹೊಳೆನರಸೀಪುರದಿಂದ ಬಂದ ಒಬ್ಬ ಕಿರಿಯ ವಕೀಲರು ಮೊನ್ನೆ ನನ್ನನ್ನು ಕೇಳಿದರು: "ಸಾರ್, ಪಾರ್ಟಿ ಹತ್ರ ಮೊದಲು ಏನು ಕೇಳ್ಬೇಕು? ನಂಗೆ ಫಾರ್ಮ್ಯಾಟ್ ಮಾತ್ರ ಗೊತ್ತು." ಅವರು ತಮಾಷೆಗೆ ಕೇಳಿದ್ದಲ್ಲ.

ಕಳೆದ ವಾರ ನಾನು ನಡೆದದ್ದನ್ನೆಲ್ಲ ಕೈಯಲ್ಲೇ ಬರೆದು, ನನ್ನದೇ ಅಫಿಡವಿಟ್ಟಿನೊಂದಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ಸಾಕ್ಷಿಯಾಗುವವನು ಅದೇ ಕೇಸಿನಲ್ಲಿ ವಾದ ಮಾಡುವಂತಿಲ್ಲವಾದ್ದರಿಂದ ವಕಾಲತ್ತು ಬಿಟ್ಟುಕೊಟ್ಟಿದ್ದೇನೆ. ವಕೀಲರ ಸಂಘದ ಕೋಣೆಯಲ್ಲಿ ಮುರಳೀಕೃಷ್ಣ, "ನೀವೊಬ್ರೇ ಸಾಚಾ ಆಗ್ಬಿಟ್ರೆ ನಮ್ ಗತಿ ಏನ್ರೀ? ನಮ್ ಕಪಾಟಲ್ಲೂ ಅದೇ ಇರೋದು" ಎಂದರು. ಎಲ್ಲರೂ ನಕ್ಕರು. ನಗು ಬೇಗ ನಿಂತಿತು.

ಸಲ್ಲಿಸುವ ಮೊದಲು ನನ್ನ ಬರಹವನ್ನು ಸಣ್ಣಕ್ಕನವರಿಗೆ ಗಟ್ಟಿಯಾಗಿ ಓದಿದೆ. ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರು ಎರಡು ತಪ್ಪು ಹಿಡಿದರು. "ಬಡಗಲಾಗಿರಾದು ಓಣಿ ಅಲ್ಲ ಸಾ, ಹಳ್ಳ. ನಮ್ಮೆಜಮಾನ್ರು ಸತ್ತಿದ್ದೂ ಆ ವರ್ಸ ಅಲ್ಲ." ನಾನು ನಾಲ್ಕು ಸಲ ಓದಿ ಸರಿಯಿದೆ ಎಂದುಕೊಂಡಿದ್ದ ಬರಹ ಅದು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಓದಲು ಬಾರದ ಸಾಕ್ಷಿಯ ಅಫಿಡವಿಟ್ಟನ್ನು ಪಾಟಿ ಸವಾಲಿಗೆ ಮೊದಲು ತೆರೆದ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿಸಬೇಕು. ತಪ್ಪಿದ್ದರೆ ಅಲ್ಲೇ ಬಾಯಿಂದ ತಿದ್ದಲು ಬಿಡಬೇಕು. ಓದಿದವರ ಹೆಸರು, ಹಿಡಿದ ಹೊತ್ತು ದಾಖಲಾಗಬೇಕು. ಇದಕ್ಕೆ ನಿಯಮ ಮಾಡಿಸಿ. ಹನ್ನೊಂದು ನಿಮಿಷ ದುಬಾರಿ ಎನ್ನುವುದಾದರೆ ಹಾಗೆಂದು ಲಿಖಿತವಾಗಿ ತಿಳಿಸಿ.

ನನ್ನ ಅರ್ಜಿಯ ಮೇಲೆ ಆದೇಶ ಇನ್ನೂ ಆಗಿಲ್ಲ. ಏನಾಗುತ್ತದೋ ಗೊತ್ತಿಲ್ಲ. ಈ ನಡುವೆ ನನ್ನ ಕಪಾಟಿನಲ್ಲಿರುವ ಹೆಬ್ಬೆಟ್ಟಿನ ಅಫಿಡವಿಟ್ಟುಗಳನ್ನು ಎಣಿಸಿದೆ: ಮೂವತ್ತೊಂದು. ಒಂದೊಂದಾಗಿ ಓದಲು ಶುರು ಮಾಡಿದ್ದೇನೆ. ಐದು ಮುಗಿದಿವೆ. ಎರಡರಲ್ಲಿ ನನ್ನ ಕಕ್ಷಿದಾರರು ಎಂದೂ ನನಗೆ ಹೇಳದ ಮಾತುಗಳಿವೆ. ಆ ಇಬ್ಬರಿಗೂ ಅದು ಇನ್ನೂ ಗೊತ್ತಿಲ್ಲ.

ಇಂತಿ,
ಓದದೆ ಒತ್ತಿಸಿದವರಲ್ಲಿ ಒಬ್ಬ,
ಸಂಪತ್ಕುಮಾರ, ವಕೀಲ
ಹಾಸನ, ಜನವರಿ 2004