ಐದಕ್ಕೆ ಮುಚ್ಚುವ ಡೇಕೇರ್

ಜೂನ್ 9, ಸೋಮವಾರ. ಬೆಳಗಿನ ಜಾವ

ಚಿನ್ಮಯಿ ಈಗಷ್ಟೇ ಮಲಗಿದಳು. ಹಲ್ಲು ಬರುತ್ತಿದೆ ಎನ್ನುತ್ತಾರೆ ಅತ್ತೆ. ಜ್ವರ ಇಲ್ಲ, ಮತ್ತೆ ಮತ್ತೆ ನೋಡಿದೆ. ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟೆ. ವಿಶ್ರುತ್‌ಗೆ ಎಚ್ಚರವಾಯಿತು. "ಎಬ್ಬಿಸ್ಬೇಡ ಕಣೇ ಅವಳನ್ನ, ಪುಣ್ಯ ಬರುತ್ತೆ" ಎಂದು ಮಗ್ಗುಲಾದ. ಎಂಥ ಗೊರಕೆ...

ಹೆರಿಗೆ ರಜೆ ಮುಗಿಯಿತು. ಇವತ್ತು ಆಫೀಸು. ಅತ್ತೆಗೆ ನನ್ನ ಕೆಲಸ ಇನ್ನೂ ಅರ್ಥವಾಗಿಲ್ಲ. "ಲಾಕರ್ ಇಲ್ಲ, ಎಫ್‌ಡಿ ಇಲ್ಲ, ಅದೆಂಥ ಬ್ಯಾಂಕೇ ನಿಂದು?" ಸರ್ಕಾರದ ಅಭಿವೃದ್ಧಿ ಬ್ಯಾಂಕು ಅತ್ತೆ, ಲಾಭ ತಡವಾಗಿ ಬರುತ್ತದೆ ಎಂದು ಬೇರೆಯವರು ಕೈಬಿಟ್ಟ ಕೆಲಸಕ್ಕೆ ಸಾಲ ಕೊಡುತ್ತೇವೆ, ಆಸ್ಪತ್ರೆ, ಹಾಸ್ಟೆಲು, ಒಳಚರಂಡಿ — ಎಂದೆ. "ಓ, ಧರ್ಮಕ್ಕೆ." ಇಲ್ಲ, ವಾಪಸ್ ಬರಲೇಬೇಕು. "ಹಾಗಾದ್ರೆ ಬಡ್ಡಿ ವ್ಯಾಪಾರ ಅನ್ನು!"

ಜೂನ್ 10

ನಮ್ಮ ವಿಭಾಗದ ಮುಖ್ಯಸ್ಥ ಕೃಷ್ಣಸ್ವಾಮಿ ಸರ್ ನಿನ್ನೆ ಮೊದಲ ದಿನವೇ ಕೆಲಸ ಕೊಟ್ಟರು. ಶಿವಾಜಿನಗರದ ಹೊಲಿಗೆ ಕೆಲಸದ ಹೆಂಗಸರ ಸಹಕಾರ ಸಂಘ. ನಮ್ಮ ಸಾಲದಲ್ಲೇ ಡೇಕೇರ್ ಕಟ್ಟಿದ್ದಾರೆ. ಈಗ ಮೊದಲಿನ ಯೋಜನೆಯಂತೆ ಮೇಲಿನ ಮಹಡಿಗೂ ಸಾಲ ಕೇಳುತ್ತಿದ್ದಾರೆ.

"ಕೆಳಗಡೇನೇ ಖಾಲಿ ಹೊಡೀತಿದೆ ಕಣಮ್ಮ. ಡಿಮ್ಯಾಂಡ್ ಇಲ್ಲ. ಒಂದ್ಸಲ ನೋಡ್ಕೊಂಡ್ ಬಂದು ಫೈಲ್ ಕ್ಲೋಸ್ ಮಾಡ್ಬಿಡು" ಎಂದರು.

ಕ್ಲೋಸ್ ಎಂದರೆ ಮಹಡಿ ಮಾತ್ರವಲ್ಲ. ನಮ್ಮ ಬೆಂಬಲ ಹೋದರೆ ಆಯಾಗಳ ಸಂಬಳಕ್ಕೂ ತತ್ವಾರ. ಬೀಗವೇ.

ಜೂನ್ 11, ಬುಧವಾರ

ಹತ್ತು ಗಂಟೆಗೆ ಹೋದೆ. ಸರ್ ಹೇಳಿದ್ದು ನಿಜ. ಎರಡೇ ಮಕ್ಕಳು. ಒಂದು ಗೋಡೆ ನೆಕ್ಕುತ್ತಿತ್ತು. ಸಂಘದ ಅಧ್ಯಕ್ಷೆ ನೂರುನ್ನೀಸಾ ಚಹಾ ತಂದರು.

"ಮಿಕ್ಕ ಮಕ್ಕಳು ಎಲ್ಲಿ?"

"ಮನೇಲಿ, ಮೇಡಮ್. ತಾಯಂದ್ರು ಈಗ ಅಡಿಗೆ ಮಾಡ್ತಾ ಇರ್ತಾರೆ. ಕಮರ್ಷಿಯಲ್ ಸ್ಟ್ರೀಟ್ ಅಂಗಡಿ ತೆಗಿಯೋದೇ ಹನ್ನೊಂದಕ್ಕೆ. ಆಲ್ಟರೇಶನ್ ಎಲ್ಲಾ ಸಾಯಂಕಾಲ ಬರೋದು. ಗಿರಾಕಿ ನಿಂತ್ಕೊಂಡೇ ಇರ್ತಾರೆ, ಈಗ್ಲೇ ಕೊಡಿ ಅಂತ. ಎಂಟೂವರೆ ಆಗುತ್ತೆ ಮನೆಗೆ ಬರೋಕೆ."

"ಮತ್ತೆ ನೀವು ಐದಕ್ಕೆ ಮುಚ್ತೀರಲ್ಲ?"

ಅವರು ನನ್ನ ಮುಖವನ್ನೇ ನೋಡಿದರು. "ಅರೇ ಮೇಡಮ್, ನೀವೇ ಅಲ್ವಾ ಹೇಳಿದ್ದು? ಒಂಬತ್ತರಿಂದ ಐದು."

ಹೌದು. ಸಾಲದ ಷರತ್ತಿನಲ್ಲೇ ಇದೆ. ಮಹದೇವಪುರದ ಟೆಕ್ ಪಾರ್ಕ್ ಡೇಕೇರಿಗೆ ಬರೆದದ್ದನ್ನು ಯಾರೋ ಹೆಸರು ಬದಲಿಸಿ ಇಲ್ಲಿಗೂ ಹಾಕಿದ್ದಾರೆ. 'ಕಂಪನಿ ಕ್ಯಾಬ್ ನಿಲ್ಲಲು ಸ್ಥಳ' ಕೂಡ ಹಾಗೇ ಉಳಿದಿದೆ. ಆಟೋ ತಿರುಗದ ಗಲ್ಲಿಯಲ್ಲಿ ಮುಂದಿನ ಕೋಣೆಯನ್ನು ಕ್ಯಾಬ್‌ಗೆಂದು ಖಾಲಿ ಬಿಟ್ಟಿದ್ದಾರೆ! ಒಂದು ತೊಟ್ಟಿಲನ್ನೂ ಇಟ್ಟಿಲ್ಲ.

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಬ್ಯಾಂಕ್ ಮಾತು ಮೀರಿದ್ರೆ ಸಾಲ ವಾಪಸ್ ಕೇಳ್ತಾರೆ ಅಂತ ಭಯ. ಕ್ಯಾಬ್ ಒಂದಿನ ಬರಬಹುದು ಅಂತ ದಿನಾ ಗುಡಿಸ್ತೀವಿ."

ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಜೂನ್ 19, ಗುರುವಾರ

ಸಾಲ ಮಂಜೂರಾತಿ ಕಮಿಟಿ. ನಿದ್ದೆ ಇಲ್ಲದ ಕಣ್ಣು, ಕುಂಕುಮದಷ್ಟು ಕೆಂಪು. ಆದರೂ ಹೇಳಬೇಕಾದ್ದು ಸ್ಪಷ್ಟವಾಗಿತ್ತು. ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಒಂಬತ್ತು ಮಾಡೋಣ. ಎರಡು ಪಾಳಿ ಆಯಾಗಳು. ಮುಂದಿನ ಕೋಣೆ ಮಕ್ಕಳಿಗೆ. ಸೆಪ್ಟೆಂಬರ್ ಕೊನೆವರೆಗೆ ನೋಡೋಣ, ಅಲ್ಲಿಯವರೆಗೆ ಕಂತು ಮುಂದಕ್ಕೆ.

ಕೃಷ್ಣಸ್ವಾಮಿ ಸರ್: "ಕಟ್ಟಡ ಕೊಟ್ವಿ. ಇನ್ನು ಟೈಮ್ ಟೇಬಲ್ಲೂ ನಾವೇ ನೋಡ್ಬೇಕಾ?"

"ಟೈಮ್ ಟೇಬಲ್ ಕೊಟ್ಟಿದ್ದೂ ನಾವೇ ಸರ್. ಅದೇ ತೊಂದ್ರೆ ಆಗಿರೋದು. ತಾಯಿ ಎಂಟರವರೆಗೆ ಹೊಲಿದ್ರೆ ಮನೆಗೆ ದುಡ್ಡು, ನಮಗೆ ಕಂತು. ಐದಕ್ಕೆ ಎದ್ದು ಬಂದ್ರೆ ಎರಡೂ ಇಲ್ಲ. ಕಾಯೋಕೆ ಆಗೋ ಬ್ಯಾಂಕು ಅಂದ್ರೆ ನಮ್ದೊಂದೇ."

ಸರ್ ಫೈಲ್ ಮುಚ್ಚಿದರು. ಆಮೇಲೆ ಬಾಣ. "ನಿನ್ನ ಮಗೂನ ಬಿಡ್ತೀಯೇನಮ್ಮ ಅಲ್ಲಿ, ಕತ್ತಲಾಗೋವರೆಗೂ?"

"ಬಿಡ್ತೀನಿ ಸರ್."

ಒಪ್ಪಿದರು. ಲಿಫ್ಟಿನಲ್ಲಿ ನನ್ನನ್ನೇ ಕೇಳಿಕೊಂಡೆ: ಬಾಯಿಂದ ಬಂದದ್ದು ನಿಜವಾ...

ಜೂನ್ 20

ನಿಜ. ಅತ್ತೆ ಮೈಸೂರಿಗೆ, ನಾದಿನಿಯ ಬಾಣಂತನಕ್ಕೆ ಹೊರಟಿದ್ದಾರೆ. ಡೇಕೇರ್ ಹೇಗೂ ಬೇಕಿತ್ತು. ವಿಶ್ರುತ್‌ಗೆ ಕೆ.ಆರ್. ಪುರದ ರೈಲ್ವೆ ಲೋಕೋ ಶೆಡ್‌ನಲ್ಲಿ ಮಧ್ಯಾಹ್ನದ ಶಿಫ್ಟು. ಹನ್ನೊಂದಕ್ಕೆ ಅವನು ಬಿಡುವುದು, ಸಂಜೆ ನಾನು ಕರೆತರುವುದು. ಮಗು ಅಲ್ಲಿದ್ದ ಮೇಲೆ ಫೈಲ್ ನನ್ನ ಕೈಯಲ್ಲಿ ಇರಬಾರದು. ಬರೆದುಕೊಟ್ಟು, ಸಹೋದ್ಯೋಗಿ ದೀಪುಗೆ ವಹಿಸಿದೆ. "ಮಗಾ, ನೀನು ಗೆದ್ದಿದ್ದನ್ನ ನಾನು ಸೋಲ್ಬಾರ್ದಲ್ಲ" ಎಂದ. ಅತ್ತೆ ಮಾತ್ರ ಸೂಟ್‌ಕೇಸ್ ಮುಚ್ಚುತ್ತಾ, "ಇಷ್ಟು ಎಳೇ ಕೂಸನ್ನ..." ಎಂದು ನಿಲ್ಲಿಸಿದರು.

ಜುಲೈ 1

ಬಿಟ್ಟೆವು. ಅತ್ತದ್ದು ನಾನು. ಅವಳು ಆಯಾ ಇಮಾಮ್ ಬೀ ಅವರ ಬಳೆ ಹಿಡಿದು ಕೂತಳು.

ಸೆಪ್ಟೆಂಬರ್ 18, ಗುರುವಾರ. ಸಂಜೆ, ಡೇಕೇರಿನ ಮೆಟ್ಟಿಲ ಮೇಲೆ

ಬರೆಯಲು ಪುರಸೊತ್ತಿರಲಿಲ್ಲ. ದೀಪು ಎರಡು ಸಲ ಬಂದು ಹೋದನಂತೆ, ಎರಡೂ ಸಲ ಸಂಜೆ. ಜಾಣ. ಒಳಗೆ ಕಾಲಿಡಲು ಜಾಗವಿಲ್ಲ. ಕ್ಯಾಬ್ ಕೋಣೆಯ ತುಂಬ ತೊಟ್ಟಿಲು.

ಈಗ ಒಬ್ಬಳು ಓಡಿ ಬಂದಳು. ಅರೀಬಾ ಅಂತೆ. ಹೆಗಲ ಮೇಲೆ ಅಳತೆ ಟೇಪು, ಕಂಕುಳಲ್ಲಿ ಗಂಡು ಮಗು. ನಾಳೆಯಿಂದ ಶೇರ್ವಾನಿ ಕೆಲಸ ಸಿಕ್ಕಿದೆ, ಇವನನ್ನು ಸೇರಿಸಿಕೊಳ್ಳಿ ಎಂದಳು.

"ಜಾಗ ಇಲ್ಲ ಬೇಟಾ" ಎಂದರು ನೂರುನ್ನೀಸಾ. ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಮೇಡಮ್, ಕೇಳಿದ್ರಾ? ಜಾಗ ಇಲ್ಲ ಅಂದೆ! ಮೊದಲ್ನೇ ಸಲ ಅಂದೆ!"

ಹುಡುಗಿ ಹೋಗುತ್ತಿಲ್ಲ. ಬಾಗಿಲಲ್ಲೇ ನಿಂತಿದ್ದಾಳೆ. ನಾಳೆ ಹೋಗದಿದ್ದರೆ ಟೈಲರ್ ಮಾಸ್ಟರು ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ.

ದೀಪುಗೆ ಫೋನ್ ಮಾಡಿದೆ. ನಾಳೆ ಸಂಜೆ ಬರುತ್ತಾನಂತೆ, ಕೃಷ್ಣಸ್ವಾಮಿ ಸರ್ ಅವರನ್ನೂ ಕರೆದುಕೊಂಡು. ಮಹಡಿ ಆಗುತ್ತದೆ, ನನಗೆ ಅನುಮಾನವಿಲ್ಲ. ಆದರೆ ಮಹಡಿ ನಾಳೆ ಆಗುವುದಿಲ್ಲ. ಈ ತೊಟ್ಟಿಲುಗಳಲ್ಲಿ ಒಂದು, ಬೇರೆ ದಾರಿ ಇರುವವಳ ಮಗುವಿನದು.

ನಾದಿನಿಯ ಬಾಣಂತನ ಮುಗಿದಿದೆ. ಅತ್ತೆಗೆ ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿದೆ. ಹೇಗೆ ಶುರು ಮಾಡಲಿ? ಅತ್ತೆ, ಡೇಕೇರ್ ತುಂಬಾ ಚೆನ್ನಾಗಿ ನಡೀತಿದೆ, ಅದಕ್ಕೇ ಚಿನ್ಮಯಿನ ಅಲ್ಲಿಂದ —