ಇಪ್ಪತ್ತೆರಡು ಗ್ರಾಂ ಗುಮಾನಿ

ಅಡುಗೆಮನೆಯ ಮೇಜು,
ಗುರುವಾರ ಬೆಳಿಗ್ಗೆ, 14ನೇ ತಾರೀಕು

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. 'ಪರವಾಗಿಲ್ಲ' ಎಂದು ಮಾತ್ರ ಬರೆಯಬೇಡ. ನೀನು ಪರವಾಗಿಲ್ಲ ಎಂದಾಗಲೆಲ್ಲ ಆಮೇಲೆ ಯಾರೋ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದಾರೆ. ಕೆಮ್ಮು ಬಿಟ್ಟಿತೇ? ಊರಿಗೆಲ್ಲ ಮಾತ್ರೆ ಹಂಚುವವಳು ನೀನೂ ಒಂದು ನುಂಗಬಹುದು, ಯಾರೂ ಬೇಡ ಎನ್ನುವುದಿಲ್ಲ. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನವಳ ಹಲ್ಲುನೋವು ಇಳಿದಿದೆ, ಮಾತು ಏರಿದೆ. ನನಗೆ ಬಿಪಿ ಇಲ್ಲ ಎಂದು ಡಾಕ್ಟರು ಹೇಳಿದರು. ನಂಬಿಕೆ ಬರದೆ ಇನ್ನೊಂದು ಕಡೆ ಇನ್ನೊಂದು ಮಿಷನ್ನಿನಲ್ಲಿ ನೋಡಿಸಿದೆ, ಅದೂ ಇಲ್ಲವೆಂದಿತು. ಇದ್ದರೂ ಇರಬಹುದು ಎಂದು ಉಪ್ಪು ಕಡಿಮೆ ಮಾಡಿದ್ದೇನೆ. ನಮ್ಮ ಮನೆತನಕ್ಕೆ ಇರುವುದು ಒಂದೇ ಕಾಯಿಲೆ, ಅನುಮಾನ. ಅದಕ್ಕಿನ್ನೂ ಮಾತ್ರೆ ಬಂದಿಲ್ಲ; ಬಂದರೂ ನಾವು ಒಡೆದು ಒಳಗೆ ನೋಡದೆ ನುಂಗುವವರಲ್ಲ.

ಕಳೆದ ಗುರುವಾರ ಲಸಿಕೆ ಗಾಡಿಯ ಡ್ರೈವರ್ ನಿನ್ನ ಚೀಟಿ ತಂದುಕೊಟ್ಟ. ಹಳೆಯ ಫೋನು ಪೂರ್ತಿ ಸತ್ತಿತೆಂದೂ, ಅದು ಸಾಯುವ ಹಿಂದಿನ ವಾರ ನಿನಗೆ ಕರೆ ತಲುಪದೆ ಒಬ್ಬಳಿಗೆ ಗಾಡಿದಾರಿಯಲ್ಲೇ ಹೆರಿಗೆಯಾಯಿತೆಂದೂ ಬರೆದಿದ್ದೀಯೆ. 'ಈ ಸಲ ಇಬ್ಬರೂ ಉಳಿದರು' ಎಂಬ ನಿನ್ನ ಸಾಲನ್ನು ನಾನು ನಾಲ್ಕು ಸಲ ಓದಿದೆ. 'ಈ ಸಲ' ಎಂಬಲ್ಲಿ ಪೆನ್ನು ಸ್ವಲ್ಪ ಒತ್ತಿದೆ. ಅದರ ಕೆಳಗೇ, ಬೆಟ್ಟದ ಮೇಲೆ ದಿನಕ್ಕೆ ಮೂರು ಗಂಟೆ ಕರೆಂಟು, ಅದೂ ಅದಕ್ಕೆ ಮನಸ್ಸು ಬಂದಾಗ; ಆದ್ದರಿಂದ ನಿಮ್ಮ ಕಾರ್ಯಕ್ರಮದಲ್ಲಿ ಹೇಳಿದ ಆ ಎರಡು ದಿನದ ಫೋನನ್ನೇ ಕೊಂಡು ಇದೇ ಡ್ರೈವರ್ ಕೈಯಲ್ಲಿ ಕಳಿಸು ಎಂದು ಅಪ್ಪಣೆ. ಪಕ್ಕದಲ್ಲಿ ನನ್ನದೇ ಪ್ರಾಸವನ್ನು ನನಗೇ ಬರೆದು ಕಳಿಸಿದ್ದೀಯೆ: 'ಸೋಮವಾರ ಚಾರ್ಜಿಗೆ ಹಾಕಿ, ಬುಧವಾರವೂ ಬಾಕಿ!' ತಿಂಗಳ ಮೀಟಿಂಗಿಗೆ ಕೆಳಗಿಳಿದಾಗ ನಮ್ಮ ಪಾಡ್‌ಕಾಸ್ಟ್ 'ವಾರದ ಡಬ್ಬಿ'ಯ ನಾಲ್ಕು ಕಂತುಗಳನ್ನೂ ಫೋನಿಗೆ ಇಳಿಸಿಕೊಂಡು, ಹೆರಿಗೆಯ ಕತ್ತರಿ ಚಿಮಟ ಕುದಿಸುವಾಗ ಒಂದು ಕಿವಿಯಲ್ಲಿ ಕೇಳುತ್ತೀಯೆ ಎಂದು ಗೊತ್ತಿತ್ತು. ಬಾಯಿಪಾಠ ಮಾಡುತ್ತೀಯೆ ಎಂದು ಗೊತ್ತಿರಲಿಲ್ಲ.

ನನ್ನ ಕೆಲಸ ನಿನಗೆ ಅರ್ಧ ಗೊತ್ತು, ಇನ್ನರ್ಧ ನಾನೇ ಮುಚ್ಚಿಟ್ಟಿದ್ದೆ. ಪಾಡ್‌ಕಾಸ್ಟ್ ಎಂದರೆ ದೊಡ್ಡ ಕಟ್ಟಡ, ಕೆಂಪು ದೀಪ ಎಂದುಕೊಂಡಿರಬೇಡ. ಹಿಂದೆ ಅದು ದರ್ಜಿಯ ಅಂಗಡಿ. ಗಿರಾಕಿಗಳು ಅಂಗಿ ತೊಟ್ಟು ನೋಡುತ್ತಿದ್ದ ಗೂಡಿನಲ್ಲಿ ನಮ್ಮ ಧ್ವನಿಮುದ್ರಣ. ಗೋಡೆಗೆ ಹಳೆ ಹಾಸಿಗೆ ಒರಗಿಸಿದೆ, ನಿಲುವುಗನ್ನಡಿ ಹಾಗೇ ಉಳಿದಿದೆ. ಸದ್ದಾಗುತ್ತದೆ ಎಂದು ಫ್ಯಾನು ಆರಿಸಿ, ಬೆವರುತ್ತಾ ಆ ವಾರ ಬಂದ ತಂಪು ಸುದ್ದಿ ಹೇಳುವುದು: ಮಡಚುವ ಫೋನು, ನಿದ್ದೆ ಎಣಿಸುವ ಗಡಿಯಾರ, ಚಾರ್ಜರ್ ಇಲ್ಲದ ಡಬ್ಬಿ. ಮಾತಾಡುವವರು ಇಬ್ಬರು. ನಾವು ಗುಡುಗಣ್ಣ ಎಂದು ಕರೆಯುವವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಗುಡುಗುತ್ತಾನೆ. ಸಕ್ಕರೆ ಎಂದು ಕರೆಯುವವಳು ಅದನ್ನು ಕರಗಿಸುತ್ತಾಳೆ. ಅವರಿಬ್ಬರ ಒಂದೊಂದು ಮಾತನ್ನೂ ಬರೆಯುವವನು ನಾನು. ಅವರ ಜಗಳ ನನ್ನದು, ಅವರ ಜೋಕು ನನ್ನದು, ನಗುವುದೆಲ್ಲಿ ಎಂಬುದೂ ನನ್ನದು. ಒಂದು ಸಲ ಗುಡುಗಣ್ಣ ಕಂಸದೊಳಗಿನ 'ನಗು' ಎಂಬುದನ್ನು ಗಟ್ಟಿಯಾಗಿ 'ನಗು' ಎಂದೇ ಓದಿಬಿಟ್ಟ. ಆ ಕಂತಿಗೇ ಅತಿ ಹೆಚ್ಚು ಮೆಚ್ಚುಗೆ ಬಂತು.

ಫೋನುಗಳನ್ನು ನಾವು ಕೊಳ್ಳುವುದಿಲ್ಲ. ಕಂಪನಿಯವರೇ ವಾರದ ಮಟ್ಟಿಗೆ ಕಳಿಸಿ, ಆಮೇಲೆ ವಾಪಸ್ ತರಿಸಿಕೊಳ್ಳುತ್ತಾರೆ. ಬ್ಯಾಟರಿ ಪರೀಕ್ಷೆ ನನ್ನ ಪಾಲು. ಪೂರ್ತಿ ಚಾರ್ಜು ಮಾಡಿ, ಪರದೆಯ ಬೆಳಕು ಅರ್ಧಕ್ಕಿಟ್ಟು, ಒಂದೇ ಹಾಡನ್ನು ಸುತ್ತಿಸುತ್ತಾ ಅಡುಗೆಮನೆ ಕಿಟಕಿಯಲ್ಲಿ ಇಡುವುದು, ಆರಿಹೋದ ಹೊತ್ತನ್ನು ಹಳೆ ಕ್ಯಾಲೆಂಡರಿನ ಹಿಂಬದಿ ಬರೆಯುವುದು. ಪಕ್ಕದ ಮನೆಯವರು ಆ ಹಾಡಿಗಾಗಿ ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಯಿತು. ಈ ಫೋನು ಮೂರು ವಾರದ ಹಿಂದೆ ಬಂದಾಗ ಸೋಮವಾರ ಬೆಳಿಗ್ಗೆ ಇಟ್ಟದ್ದು ಬುಧವಾರ ಮಧ್ಯಾಹ್ನ ಆರಿತು. ನನ್ನವಳು, "ಇದೇನ್ರೀ, ಹಾಡಿಗೇ ಸುಸ್ತಾಯ್ತು, ಫೋನಿಗೆ ಆಗ್ಲಿಲ್ಲ" ಅಂದಳು. ಪ್ರಾಸ ಹುಟ್ಟಿದ್ದೇ ಆಗ. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ ಅಕ್ಕಾ, ಇದನ್ನು ಮೊದಲು ನಂಬು. ಮುಂದಿನದನ್ನು ಬೇಕಾದರೆ ಅನುಮಾನಿಸು.

ನಿನ್ನ ಚೀಟಿ ಬಂದ ಮಾರನೆಯ ದಿನವೇ ಅಂಗಡಿಗೆ ಹೋಗಿ ಅದೇ ಫೋನು ಕೊಂಡೆ. ಮೊಹರು ಒಡೆಯದೆ ನಿನಗೆ ಕಳಿಸಬಹುದಿತ್ತು. ಆದರೆ ಮಡಕೆಯನ್ನು ನಾಲ್ಕೂ ಕಡೆ ಬಡಿದು, ಕಿವಿಗಿಟ್ಟು, ಕುಂಬಾರನ ಮುಖವನ್ನೂ ಒಮ್ಮೆ ನೋಡಿ ಕೊಳ್ಳುವವಳ ತಮ್ಮ ನಾನು. ಶನಿವಾರ ಬೆಳಿಗ್ಗೆ ಅದೇ ಕಿಟಕಿ, ಅದೇ ಹಾಡು. ಸಂಜೆ ಏಳಕ್ಕೆ ಅಡುಗೆಮನೆ ಇದ್ದಕ್ಕಿದ್ದಂತೆ ಸುಮ್ಮನಾಯಿತು. ನನ್ನವಳು ಫೋನು ಮುಟ್ಟಿರಬೇಕು ಎಂದು ಮೊದಲು ಅವಳ ಮೇಲೆ ಅನುಮಾನ. "ನಿಮ್ಮ ಫೋನು ಮುಟ್ಟೋಕೆ ನನಗೇನು ಬೇರೆ ಕೆಲ್ಸ ಇಲ್ವಾ?" ಎಂದ ಮೇಲೆ ಪ್ಲಗ್ಗಿನ ಮೇಲೆ, ಆಮೇಲೆ ನನ್ನ ಮೇಲೆಯೇ. ಭಾನುವಾರ ಮತ್ತೆ ಇಟ್ಟೆ, ಏಳೂ ಹತ್ತು. ಸೋಮವಾರ, ಆರೂ ಐವತ್ತು. ಪಕ್ಕದ ಮನೆಯವರು ಎರಡು ವರ್ಷದ ಮೌನ ಮುರಿದು, "ಮೂರು ದಿನದಿಂದ ಬೇಗ ನಿಲ್ತಿದೆಯಲ್ಲ, ದೇವ್ರು ಒಳ್ಳೇದು ಮಾಡ್ಲಿ" ಎಂದು ಹರಸಿದರು.

ಮಂಗಳವಾರ ಫೋನನ್ನು ಜೇಬಿಗಿಟ್ಟು ಸ್ಟುಡಿಯೋಗೆ ಹೋದೆ. ಹೋಗುವ ದಾರಿಯಲ್ಲಿ ಜೇಬು ಹಗುರವೆನಿಸಿತು. ಆಗ ಒಂದು ವಿಷಯ ನೆನಪಾಗಿ ನಡುರಸ್ತೆಯಲ್ಲಿ ನಿಂತುಬಿಟ್ಟೆ, ಸೈಕಲ್ಲಿನವನೊಬ್ಬ ಬೈದುಕೊಂಡೇ ಹೋದ. ನಮ್ಮಲ್ಲಿ ಒಂದು ಪದ್ಧತಿ ಉಂಟು. ಕಂಪನಿ ಹೇಳಿದ ತೂಕವನ್ನು ನಾವು ಓದುವುದಿಲ್ಲ; ಅಕ್ಕಸಾಲಿಗನೊಬ್ಬ ಮಾರಿದ ಪುಟ್ಟ ತಕ್ಕಡಿಯಲ್ಲಿ ಪ್ರತಿ ಫೋನನ್ನೂ ಮೈಕಿನ ಮುಂದೆಯೇ ತೂಗುತ್ತೇವೆ. ನಮ್ಮ ಕಾರ್ಯಕ್ರಮದ ಮಾನವೇ ಅದು. ಮೂರು ವಾರದ ಹಿಂದೆ ಕಂಪನಿ ಕಳಿಸಿದ್ದ ಫೋನನ್ನು ತೂಗಿದಾಗ ಇನ್ನೂರ ಹದಿನಾಲ್ಕು ಗ್ರಾಂ ಬಂದಿತ್ತು. ಕಂಪನಿಯ ಹಾಳೆಯಲ್ಲಿ ನೂರ ತೊಂಬತ್ತೆರಡು. ಆರು ವರ್ಷದಲ್ಲಿ ಮೊದಲ ಬಾರಿಗೆ ಇಷ್ಟು ವ್ಯತ್ಯಾಸ. ಆಗ ನಾವು, ಲೋಕವನ್ನೆಲ್ಲ ಅನುಮಾನಿಸುವ ನಾವು, ಮಾಡಿದ್ದೇನು ಗೊತ್ತೇ? ಎಲ್ಲರೂ ಸೇರಿ ತಕ್ಕಡಿಯನ್ನು ಅನುಮಾನಿಸಿದೆವು. ನಾನು ಅಲ್ಲೇ ನಿಂತು ಗೀಚಿಕೊಟ್ಟೆ: 'ತಕ್ಕಡಿಗೆ ಮುಪ್ಪು, ತೂಕವೆಲ್ಲ ತಪ್ಪು, ಕಂಪನಿ ಹೇಳಿದ್ದೇ ಒಪ್ಪು!' ಗುಡುಗಣ್ಣ ಓದಿದ, ಸಕ್ಕರೆ ಕಂಸವಿಲ್ಲದೆಯೂ ನಕ್ಕಳು. ತಕ್ಕಡಿಗೆ ಬಟ್ಟೆ ಸುತ್ತಿ ಡ್ರಾಯರಿಗೆ ತಳ್ಳಿದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಚೆನ್ನಾಗಿಯೇ ಕುಣಿದು ನೆಲ ಡೊಂಕು ಎಂದವರು.

ಡ್ರಾಯರಿನಿಂದ ತೆಗೆದು, ಎದುರಿನ ತರಕಾರಿ ಅಂಗಡಿಯಿಂದ ಮುದ್ರೆಯೊತ್ತಿದ ನೂರು ಗ್ರಾಂ ಬಟ್ಟು ಕೇಳಿ ತಂದು ಇಟ್ಟೆ. ತಕ್ಕಡಿ ನೂರು ಎಂದಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿನ್ನ ಫೋನಿಟ್ಟೆ, ನೂರ ತೊಂಬತ್ತೆರಡು. ತಕ್ಕಡಿಯನ್ನೇ ಚೀಲಕ್ಕೆ ಹಾಕಿಕೊಂಡು ಫೋನಂಗಡಿಗೆ ಹೋಗಿ, ಷೋಕೇಸಿನಲ್ಲಿದ್ದ ಅದೇ ಫೋನಿನ ಇನ್ನೆರಡನ್ನು ತೂಗಲು ಕೇಳಿದೆ. ಅಂಗಡಿಯವನು, "ಕೇಜಿ ಲೆಕ್ಕದಲ್ಲಿ ಬೇಕಾ ಸಾರ್?" ಅಂದ, ಆದರೂ ಕೊಟ್ಟ. ಎರಡೂ ನೂರ ತೊಂಬತ್ತೆರಡು. ಅಂದರೆ ನಮಗೆ ಕಳಿಸಿದ್ದ ಫೋನಿನ ಹೊಟ್ಟೆಯಲ್ಲಿ ಇಪ್ಪತ್ತೆರಡು ಗ್ರಾಂ ಏನೋ ಹೆಚ್ಚಿಗೆ ಇತ್ತು, ಅದು ಒಂದೂಮುಕ್ಕಾಲು ದಿನ ಹೆಚ್ಚಿಗೆ ಹಾಡಿತು. ದೊಡ್ಡ ಬ್ಯಾಟರಿಯೇ ಇರಬೇಕು ಎಂಬುದು ನನ್ನ ಗುಮಾನಿ. ಪ್ರಮಾಣ ಮಾಡಿ ಹೇಳಲಾರೆ, ಆ ಫೋನು ವಾಪಸ್ ಹೋಗಿದೆ. ಮೊದಲು ಮಾಡಿದ ನಮೂನೆಯೊಂದನ್ನು ಕೈತಪ್ಪಿ ಕಳಿಸಿರಲೂಬಹುದು. ಸಂಶಯದ ಲಾಭವನ್ನು ಅವರಿಗೆ ಕೊಡುತ್ತೇನೆ. ಸಂಶಯವನ್ನು ನಾನೇ ಇಟ್ಟುಕೊಳ್ಳುತ್ತೇನೆ.

ನಿನ್ನೆ ಎಲ್ಲರೂ ಕೂತಿದ್ದಾಗ ಹೇಳಿದೆ. ಕಾರ್ಯಕ್ರಮದ ಯಜಮಾನರು ಹೆಡ್‌ಫೋನನ್ನು ಕತ್ತಿಗಿಳಿಸಿ, "ಒಂದು ಪೀಸಿನ ತೊಂದರೆ ಇರಬಹುದಪ್ಪಾ" ಅಂದರು. "ಮೂರು ತೂಗಿದೀನಿ ಸಾರ್." "ತೂಗಿ ತಗೊಳ್ಳೋಕೆ ಅದೇನು ಬದನೆಕಾಯಾ?" "ಹಾಗಾದ್ರೆ ವಾರ ವಾರ ತೂಗೋದ್ಯಾಕೆ ಸಾರ್?" ಹೆಡ್‌ಫೋನಿನ ವೈರಿನ ಗಂಟು ಬಿಡಿಸುತ್ತಾ, "ನಾವೇನು ಅವರ ಹತ್ರ ಕೈಚಾಚಿದೀವಾ?" ಎಂದರು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ಇಲ್ಲಿ ಕುಂಬಳಕಾಯಿಯ ಹೆಸರೆತ್ತುವ ಮೊದಲೇ ಹೆಗಲು ಸವರಿಕೊಂಡಾಯಿತು. ಗುಡುಗಣ್ಣ ಕನ್ನಡಿಯತ್ತ ನೋಡುತ್ತಾ, "ಹೇಳೋಣ, ಧಾರಾಳವಾಗಿ ಹೇಳೋಣ. ಆಮೇಲೆ ಯಾರೂ ಫೋನ್ ಕಳಿಸಲ್ಲ. ಮುಂದಿನ ವಾರ ಯಾವ ಡಬ್ಬಿ ತೆಗೀತೀಯ, ನಿನ್ನ ಊಟದ್ದಾ?" ಅಂದ. ನಗು ಬಂತು, ಯಾರೂ ಬರೆದುಕೊಡದ ನಗು. ನಗದಿದ್ದವಳು ಸಕ್ಕರೆ ಒಬ್ಬಳೇ. "ನಮ್ಮಮ್ಮನಿಗೂ ಅದನ್ನೇ ಕೊಡಿಸಿದೀನಿ," ಅಂದಳು. "ಸಂಜೆ ಫೋನ್ ಮಾಡಿದ್ರೆ ಸಿಗಲ್ಲ. ಬೇಗ ಮಲಗ್ತಾರೇನೋ ಅಂದ್ಕೊಂಡಿದ್ದೆ." ಅವಳ ಧ್ವನಿಯಲ್ಲಿ ಸಕ್ಕರೆ ಇರಲಿಲ್ಲ.

ಕೊನೆಗೆ ಯಜಮಾನರು ರಾಜಿಯ ಸಾಲೊಂದನ್ನು ಹೇಳಿದರು: 'ಬ್ಯಾಟರಿಯ ಅನುಭವ ಬಳಕೆಗೆ ತಕ್ಕಂತೆ ಬದಲಾಗಬಹುದು.' ಇದನ್ನು ಕೊನೆಯಲ್ಲಿ, ಸಂಗೀತ ಏರುವಾಗ ಹಾಕೋಣ, ಪ್ರಾಸ ಮಾಡಿಕೊಡು ಎಂದರು. ಬದಲಾಗಬಹುದು, ಮೊದಲಾಗಬಹುದು, ಅಳಲಾಗಬಹುದು. ಪ್ರಾಸಕ್ಕೇನು ಬರ, ಸಿಕ್ಕಿದ್ದೆಲ್ಲ ಹೊಂದುತ್ತದೆ. ಮನೆಗೆ ಬಂದು ಕೂತರೆ ಕೈ ಏಳಲಿಲ್ಲ. ನಾಳೆ ಧ್ವನಿಮುದ್ರಣ, ಶನಿವಾರ ಕಂತು ಹೊರಗೆ. ನಾನು ಬರೆದಿಟ್ಟಿರುವುದು ಇಷ್ಟೇ: 'ಮೂರು ವಾರದ ಹಿಂದೆ ನಾವು ಹೊಗಳಿದ ಫೋನು ನಮಗೆ ಬಂದದ್ದು ಒಂದು ತೂಕ, ಅಂಗಡಿಯಲ್ಲಿರುವುದು ಇನ್ನೊಂದು ತೂಕ. ನಮ್ಮಲ್ಲಿ ಎರಡು ದಿನ ಬಂದದ್ದು ಅಂಗಡಿಯದ್ದರಲ್ಲಿ ಸಂಜೆಯವರೆಗೆ ಬಂದಿದೆ. ತಕ್ಕಡಿ ಅಂದೇ ಹೇಳಿತ್ತು. ನಾವು ಕೇಳಲಿಲ್ಲ.' ಆರು ವರ್ಷದಲ್ಲಿ ಪ್ರಾಸವಿಲ್ಲದೆ ಬರೆದ ಮೊದಲ ಪುಟ. ಸಕ್ಕರೆ ತಾನು ಓದುತ್ತೇನೆ ಎಂದಿದ್ದಾಳೆ. ಓದಿದ ಮೇಲೆ ಯಜಮಾನರು ಕತ್ತರಿಸದೆ ಬಿಡುತ್ತಾರೆಯೇ, ಬಿಟ್ಟರೆ ನನ್ನನ್ನು ಕೆಲಸದಲ್ಲಿ ಬಿಡುತ್ತಾರೆಯೇ, ಎರಡರಲ್ಲೂ ನನಗೆ ಭರವಸೆ ಇಲ್ಲ. ನನ್ನವಳಿಗೆ ಹೇಳಿದೆ. "ಹಾಡು ನಿಲ್ಲುತ್ತಲ್ಲ, ಬಿಡಿ" ಅಂದಳು. ಅದು ಸಮಾಧಾನವೋ ಚುಚ್ಚುಮಾತೋ ಇನ್ನೂ ತೂಗಿ ನೋಡಿಲ್ಲ.

ಆದ್ದರಿಂದ ಆ ಫೋನು ನಿನಗೆ ಬರುತ್ತಿಲ್ಲ. ಬಟ್ಟೆಯಲ್ಲಿ ಸುತ್ತಿರುವುದು ನನ್ನ ಹಳೆಯ ಗುಂಡಿ ಒತ್ತುವ ಫೋನು. ಅದಕ್ಕೆ ಪಾಡ್‌ಕಾಸ್ಟ್ ಬರುವುದಿಲ್ಲ, ಪಟ ತೆಗೆಯುವುದಿಲ್ಲ, ಚೆಂದವೂ ಇಲ್ಲ. ಆದರೆ ಕರೆ ಬಂದರೆ ಕಿರುಚುತ್ತದೆ, ನಾಲ್ಕು ದಿನ ಕಿರುಚುತ್ತಲೇ ಇರುತ್ತದೆ. ಅದಕ್ಕೆ ಹಾಡು ಹಾಕಲಾಗದೆ, ಶನಿವಾರ ರಾತ್ರಿಯಿಂದಲೇ ಗಂಟೆಗೊಮ್ಮೆ ನಾನೇ ಕರೆ ಮಾಡಿ ಪರೀಕ್ಷಿಸಿದ ಹಾಳೆಯೂ ಜೊತೆಗಿದೆ. ನನ್ನ ಮಾತು ನಂಬಬೇಡ, ನೀನೂ ಒಮ್ಮೆ ಬಡಿದು ನೋಡು. ನಿನ್ನ ಸಿಮ್ಮು ಇದಕ್ಕೆ ಹಾಕಿಕೊಂಡು, ಸಂಜೆ ಏಳರ ನಂತರ ನನಗೊಂದು ಕರೆ ಮಾಡು. ಏಳರ ನಂತರವೇ ಮಾಡು.

ಮಂಡಿಗೆ ಎಣ್ಣೆ ಹಚ್ಚು, ನಿನಗೆ ನೀನೇ ಬರೆದುಕೊಂಡ ಮಾತ್ರೆಯನ್ನು ನೀನೇ ನುಂಗು. ನನ್ನವಳ ನಮಸ್ಕಾರ, ಜೊತೆಗೆ ಅವಳ ಹಲ್ಲಿನದೂ. ದೊಡ್ಡವಳು ನೀನು, ಆಶೀರ್ವಾದ ಮಾಡು. ಶನಿವಾರದ ಮಟ್ಟಿಗೆ ಸ್ವಲ್ಪ ಗಟ್ಟಿಯಾಗಿಯೇ ಮಾಡು.

ನಿನ್ನ ಅನುಮಾನದ ಪಾಲುದಾರ,
ತಮ್ಮ

ತಾ.ಕ.: ಡ್ರೈವರ್ ಬಾಗಿಲಲ್ಲಿ ನಿಂತಿದ್ದಾನೆ, ಅಂಟು ಹಚ್ಚುವಷ್ಟರಲ್ಲಿ ಅವನು ಹೇಳಿದ್ದು ಕೇಳಿ ಮತ್ತೆ ಲಕೋಟೆ ಬಿಚ್ಚಿದೆ. ಗಾಡಿಯಲ್ಲಿ ನಾವು ಹೊಗಳಿದ ಆ ಫೋನಿನದೇ ಮೂರು ಹೊಸ ಡಬ್ಬಿಗಳಿವೆಯಂತೆ. ನಿನ್ನ ಕೇಂದ್ರದ ಆಚೆಗಿನ ಮೂರು ಆರೋಗ್ಯ ಕೇಂದ್ರಗಳ ಹೆರಿಗೆ ನರ್ಸುಗಳು ತರಿಸಿಕೊಳ್ಳುತ್ತಿದ್ದಾರೆ, ಮೀಟಿಂಗಿನಲ್ಲಿ ನೀನು ಹೇಳಿದೆ ಎಂದು. ಕೊಡಬೇಡಪ್ಪಾ ಎಂದೆ. "ತಲುಪಿಸೋದು ನನ್ ಕೆಲ್ಸ, ಹೇಳೋದು ನಿಮ್ ಕೆಲ್ಸ" ಅಂದ, ಸರಿಯೇ. ದಾರಿಯಲ್ಲಿ ಮೊದಲು ಸಿಗುವುದು ನಿನ್ನ ಕೇಂದ್ರ. ಶನಿವಾರದವರೆಗೆ ಕಾಯಬೇಡ, ನಮ್ಮ ಕಾರ್ಯಕ್ರಮವನ್ನಂತೂ ನಂಬಬೇಡ. ಅವನನ್ನು ಕೂರಿಸಿ, ನೀರು ಕೊಟ್ಟು, ಮೂವರಿಗೂ ಒಂದೊಂದು ಚೀಟಿ ಬರೆದು ಡಬ್ಬಿಯ ಮೇಲೇ ಕಟ್ಟಿ ಕಳಿಸು: ಸಂಜೆಯ ಮೇಲೆ ಇದನ್ನು ನೆಚ್ಚಬೇಡಿ, ಹಳೆಯದನ್ನು ಎಸೆಯಬೇಡಿ. ಯಾರು ಹೇಳಿದ್ದು ಎಂದು ಕೇಳಿದರೆ, ಎರಡು ದಿನ ಬರುತ್ತದೆ ಎಂದು ಬರೆದವನೇ ಹೇಳಿದ ಎನ್ನು.