ತಾತಾ, ಕೈ ಕೆಳಗೆ

ಮನೆ,
ಭಾನುವಾರ ಬೆಳಿಗ್ಗೆ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ದಿನವಿಡೀ ನಿಂತೇ ಇರುವ ನರ್ಸಮ್ಮ ಮನೆಯಲ್ಲಾದರೂ ಕುಳಿತು ಊಟ ಮಾಡಬೇಕು. ಅಳಿಯಂದಿರ ಕೆಮ್ಮು ನಿಂತಿರಬೇಕು. ನಾನು ಚೆನ್ನಾಗಿದ್ದೇನೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಮೊನ್ನೆ ತಾನೇ ಫೋನಿನಲ್ಲಿ ಇದೆಲ್ಲ ಆಯಿತು, ಈಗ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನೀನು 'ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮತ್ತೇನಪ್ಪಾ' ಅನ್ನುತ್ತೀಯ. ನಾನು 'ಮತ್ತೇನಿಲ್ಲಮ್ಮ' ಅನ್ನುತ್ತೇನೆ. ಅಲ್ಲಿಗೆ ಅಪ್ಪ ಮಗಳ ಪುರಾಣ ಮುಗಿಯಿತು. ನಿಜವಾಗಿ ನಿನಗೆ ಹೇಳಬೇಕಾದ ಮಾತೊಂದಿದೆ. ಎಷ್ಟೋ ವರ್ಷದ್ದು. ಬಾಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ, ಅದಕ್ಕೇ ಪೆನ್ನು ಹಿಡಿದೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿಮ್ಮಮ್ಮ ಹೋದಳು, ಮರುವರ್ಷ ರೇಡಿಯೋ ಅಂಗಡಿಯನ್ನೂ ಮುಚ್ಚಿದೆ. ಆಮೇಲೆ ಈ ಎರಡು ಕೋಣೆಗಳಲ್ಲಿ ನನ್ನ ಗಂಟಲಿಗೆ ಕೆಲಸವೇ ಇಲ್ಲವಾಯಿತು. ಒಂದು ದಿನ ಹಾಲಿನವನಿಗೆ 'ನಾಳೆಯಿಂದ ಅರ್ಧ ಲೀಟರ್ ಸಾಕು' ಅಂದೆ. ಆ ದಿನವೆಲ್ಲ ಆಡಿದ ಮಾತು ಅದೊಂದೇ ಎಂದು ಸಂಜೆ ಹೊಳೆದಾಗ ಹೆದರಿಕೆಯಾಯಿತು. ಮರುದಿನ ಪೇಪರ್ ಓದುವ ನೆಪದಲ್ಲಿ ಲೈಬ್ರರಿಗೆ ಹೋದೆ. ಅಲ್ಲಿ ಶನಿವಾರ ಶನಿವಾರ ಹಿಂದಿನ ಕೋಣೆಯಲ್ಲಿ ರಿಪೇರಿ ಮೇಜು ಹಾಕುತ್ತಾರೆ. ಜನ ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೋ ತರುತ್ತಾರೆ. ಒಂದು ಮೇಜಿಗೆ ಎರಡು ಕುರ್ಚಿ, ಒಂದರಲ್ಲಿ ಕೆಲಸ ಬಲ್ಲ ಹಿರಿಯರು, ಇನ್ನೊಂದರಲ್ಲಿ ಕಲಿಯುವ ಕಿರಿಯರು. ಇಬ್ಬರಿಗೂ ಸಂಬಳವಿಲ್ಲ. ನಾಲ್ಕು ತಿಂಗಳಿನಿಂದ ನಾನೂ ಹೋಗುತ್ತಿದ್ದೇನೆ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ನಿಮ್ಮಮ್ಮ ಇದ್ದಿದ್ದರೆ ಅನ್ನದೆ ಬಿಡುತ್ತಿರಲಿಲ್ಲ.

ನನ್ನ ಪಕ್ಕದ ಕುರ್ಚಿಗೆ ಬಂದವಳು ಒಬ್ಬಳು ಕಾಲೇಜು ಹುಡುಗಿ. ಮೊದಲ ದಿನವೇ 'ತಾತ' ಅಂದುಬಿಟ್ಟಳು, ಅಂಕಲ್ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತೋ! ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಯಾವ ತಂತಿ ಎಲ್ಲಿಯದೆಂದು ತಲೆ ಕೆರೆದುಕೊಳ್ಳಬೇಕಿಲ್ಲ ಎಂದು ನನಗೆ ಕಲಿಸಿದ್ದು ಅವಳೇ. ನಲವತ್ತು ವರ್ಷ ಎಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದ ನಾನು ಈಗ ಆ ಫೋಟೋ ಇಲ್ಲದೆ ಮುಂದೆ ಹೋಗುವುದಿಲ್ಲ. ನಾನು ಅವಳಿಗೆ ಬೆಸುಗೆ ಹಾಕುವುದನ್ನು ಕಲಿಸಬೇಕಿತ್ತು. ಕಲಿಸಿದ್ದೇನು ಬಂತು! ಅವಳ ಕೈ ಒಂದು ಕ್ಷಣ ತಡವರಿಸಿದರೆ ಸಾಕು, 'ಕೊಡಿಲ್ಲಿ' ಎಂದು ಸೋಲ್ಡರಿಂಗ್ ಐರನ್ ಕಿತ್ತುಕೊಂಡು ನಾನೇ ಮಾಡಿ ಮುಗಿಸುತ್ತಿದ್ದೆ. ಮೂರನೇ ಶನಿವಾರ ಅವಳು ನಗುತ್ತಲೇ, 'ತಾತಾ, ನೀವು ಮಾಡಿದ್ರೆ ನಾನು ನೋಡೋದು ಕಲೀತೀನಿ ಅಷ್ಟೇ. ಕೈ ಕೆಳಗೆ!' ಅಂದಳು. ಅಂದಿನಿಂದ ಎರಡು ಅಂಗೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಬಗ್ಗುತ್ತದೆ, ಆದರೆ ಬಹಳ ನೋಯುತ್ತದೆ.

ಆ ಹುಡುಗಿಯ ಪಕ್ಕ ಕೂತಾಗಲೆಲ್ಲ ನೀನು ನೆನಪಾಗುತ್ತೀಯ. ಸ್ಕೂಲು ಬಿಟ್ಟೊಡನೆ ಅಂಗಡಿಗೆ ಓಡಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದವಳು, ಒಂಬತ್ತನೇ ಕ್ಲಾಸಿನ ಆ ವಿಜ್ಞಾನ ಪ್ರದರ್ಶನವಾದ ಮೇಲೆ ಮತ್ತೆ ಅಲ್ಲಿ ಕೂರಲಿಲ್ಲ. 'ಹುಡುಗಿಗೆ ಆಸಕ್ತಿ ಹೋಯ್ತು' ಎಂದು ಗಿರಾಕಿಗಳಿಗೆ ಹೇಳಿಕೊಂಡು ಓಡಾಡಿದೆ. ಅಂಗಡಿಯಲ್ಲಿ ನಿಂತುಹೋದ ಮಾತು ಮನೆಯಲ್ಲೂ ನಿಂತಿತು. ಇಪ್ಪತ್ತೆಂಟು ವರ್ಷ ಕಳೆದರೂ ನಾವು ಊಟ, ಮಾತ್ರೆ ದಾಟಿ ಮುಂದೆ ಹೋಗಿಲ್ಲ.

ನಿನ್ನೆ ಕ್ಷೌರದಂಗಡಿಯವನು ಮೂಕವಾದ ರೇಡಿಯೋ ತಂದಿದ್ದ. ನಾನಾದರೆ ಹತ್ತು ನಿಮಿಷದ ಕೆಲಸ, ಹುಡುಗಿ ಒಂದೂವರೆ ಗಂಟೆ ತೆಗೆದುಕೊಂಡಳು. ಕೊನೆಗೆ ಹಾಡಿತು! ಅವಳು ಕುಣಿಯುವುದೊಂದು ಬಾಕಿ. ಆದರೆ ಬೆಸುಗೆ ನೋಡಿದರೆ ಗಂಟುಗಂಟಾಗಿ, ವೀಳ್ಯದೆಲೆಗೆ ಸುಣ್ಣ ಮೆತ್ತಿದ ಹಾಗೆ. ಅವಳು ಕೈ ತೊಳೆಯಲು ಹೋದದ್ದೇ ತಡ, ನಾನು ಐರನ್ ಎತ್ತಿಕೊಂಡೆ. ಆಗ ಕ್ಷೌರದವನು, 'ಹಾಡ್ತಾ ಇದೆಯಲ್ಲ ಯಜಮಾನ್ರೇ, ಮತ್ಯಾಕೆ ಬಿಚ್ತೀರಿ?' ಅಂದ. ಅವನು ಸಹಜವಾಗಿ ಕೇಳಿದ್ದು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಐರನ್ ಕೆಳಗಿಟ್ಟೆ. ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಮನೆಗೆ ಬಂದು ತಟ್ಟೆಯ ಮುಂದೆ ಕುಳಿತರೆ ಊಟ ಸೇರಲಿಲ್ಲ.

ಮೊಮ್ಮಗನಿಗೆ ತಾತನ ಮುದ್ದು, ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡವರೆಲ್ಲ ಬೇಗ ಗುಣವಾಗಿ ಮನೆ ಸೇರಲಿ. ನೀನು ತಣ್ಣಗಿರು.

ನಿನ್ನ,
ಅಪ್ಪ

ಮತ್ತೆ: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಪುಟವೆಲ್ಲ ತುಂಬಿಸಿ ತಪ್ಪಿಸಿಕೊಳ್ಳಲು ನೋಡಿದೆ. ಪ್ರದರ್ಶನದ ದಿನ ನೀನೇ ಕಟ್ಟಿದ ರೇಡಿಯೋ ಎಲ್ಲರೆದುರು ಹಾಡಲಿಲ್ಲವಲ್ಲ, ಅದು ನಿನ್ನ ತಪ್ಪಲ್ಲ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಅದು ಚೆನ್ನಾಗಿಯೇ ಹಾಡುತ್ತಿತ್ತು. ಅಂದವಾಗಿರಲಿ ಎಂದು ಮುಚ್ಚಳ ತೆಗೆದು, ನಿನ್ನ ಒಂದು ಬೆಸುಗೆ ಬಿಚ್ಚಿ, ಅವಸರದಲ್ಲಿ ನಾನೇ ಮತ್ತೆ ಹಾಕಿದೆ. ಸಂಜೆ ತೆರೆದು ನೋಡಿದೆ. ಬಿಟ್ಟುಕೊಂಡಿದ್ದು ನಾನು ಹಾಕಿದ ಅದೊಂದೇ. ನಿನ್ನವು ಹನ್ನೊಂದೂ ಗಟ್ಟಿಯಾಗಿದ್ದವು. ನೀನು ಅಳುತ್ತಾ 'ನಂಗೆ ಇದೆಲ್ಲ ಬರಲ್ಲಪ್ಪ' ಅಂದೆ, ನಾನು 'ಹೋಗ್ಲಿ ಬಿಡು' ಅಂದೆ. ನಿನಗೆ ಬರುತ್ತಿತ್ತು, ಪುಟ್ಟಿ.